ಎಡಗಿವಿಗೆ ಒಂದು ಪಟ್ಟಿ

ರೋಹಿದಾಸ,
ಬೈತಖೋಲದ ಜೆಟ್ಟಿಯಲ್ಲಿ ಬಲೆ ಹೊಲಿಯುತ್ತ
ಬೀಡಿ ತುಟಿಯಿಂದ ತೆಗೆಯದೆ ಕೇಳಿದ್ದೆ ನೀನು:
"ಏನಾದ್ರೂ ಹೇಳಾ, ದಪ್ಪದ್ದು.
ಸಣ್ಣ ಸ್ವರ ಈಗ ನನ್ನ ಹತ್ರ ಬರೂದಿಲ್ಲ."

ಬಲಗಿವಿ ಹೋಗಿ ಎರಡು ವರ್ಷ.
ಎಡದ್ದು ಅರ್ಧ ಉಳಿದಿದೆ ಅಂದರಂತೆ ದೊಡ್ಡಾಸ್ಪತ್ರೆಯಲ್ಲಿ.
ಹತ್ತೊಂಬತ್ತು ವರ್ಷ ಟ್ರಾಲರಿನ ಹೊಟ್ಟೆಯೊಳಗೆ
ಆರು ಸಿಲಿಂಡರಿನ ಮಗ್ಗುಲಲ್ಲಿ ಮಲಗಿದವನಿಗೆ
ಅರ್ಧ ಅಂದರೆ ಲಾಭವೇ, ಅಂದೆ.
ನಾನು ನಗಲಿಲ್ಲ.

ಹಾಗಾಗಿ ಈ ಪಟ್ಟಿ. ಐಸ್ ಫ್ಯಾಕ್ಟರಿಯ ರಾತ್ರಿ ಪಾಳಿಯಲ್ಲಿ
ಲೆಕ್ಕದ ಪುಸ್ತಕದ ಕೊನೇ ಹಾಳೆ ಹರಿದು ಬರೆದದ್ದು.

ಮೊದಲು 'ಉಪ್ಪಿನ ಗಡಿಯಾರ'.
ನಾರ್ವೆಯವರೋ, ನಾರ್ವೆಯವರೆಂದು ಹೇಳಿಕೊಳ್ಳುವವರೋ, ತಿಳಿಯದು.
ನಲವತ್ತೊಂದು ನಿಮಿಷ, ಒಂದೇ ಸ್ವರ.
ಇಪ್ಪತ್ಮೂರನೆಯದರಲ್ಲಿ ಯಾರೋ ಬಾಗಿಲು ತೆರೆಯುತ್ತಾರೆ.
ಮುಚ್ಚಲಿ ಅಂತ ಕಾಯಬೇಡ.
ನಾನು ಒಂದು ಇಡೀ ಮಳೆಗಾಲ ಕಾದಿದ್ದೇನೆ.

ಎರಡನೆಯದು ಸುಂಕೇರಿಯ ಶಾವೇರನದು.
ಅವನಿಗೆ ಬಣ್ಣ ಬೇಕು, ಗಿಟಾರು ಹಿಂದುಮುಂದಾಗಬೇಕು,
ಯಾರೋ ನೀರಿನಡಿಯಿಂದ ಹಾಡಬೇಕು.
'ಏಳು ತೊಳೆ ಕಿತ್ತಳೆ' ಕೇಳುತ್ತ ಹೊಲಿದ ದಿನ
ಬಂದರು ಕಚೇರಿಯ ಗುಮಾಸ್ತನ ಷರ್ಟಿಗೆ
ಎರಡೂ ಎಡತೋಳು ಹಚ್ಚಿಬಿಟ್ಟನಂತೆ.
ನಿನಗದು ಆಗಿಬರದು, ಎಲ್ಲ ಮೇಲಿನ ಸ್ವರ, ಸೋರಿಹೋಗುತ್ತದೆ.
ಬರೆಯದಿದ್ದರೆ ಅವನು ಸಿಟ್ಟಾಗುತ್ತಾನೆ, ಬರೆದಿದ್ದೇನೆ.

ಕಾಜುಬಾಗದ ಮೆಹರುನ್ನಿಸಾ ಕೊಟ್ಟದ್ದಕ್ಕೆ ಹೆಸರೇ ಇಲ್ಲ.
ಚಿಕ್ಕಪ್ಪ ಮಸ್ಕತ್ತಿನಿಂದ ತಂದ ಕ್ಯಾಸೆಟ್ಟು.
ಒಬ್ಬಳು ಹೆಂಗಸು ಹಾರ್ಮೋನಿಯಮ್ಮಿನ ಎರಡು ಕರಿಮನೆ
ಒತ್ತಿ ಹಿಡಿದಿದ್ದಾಳೆ, ಎರಡೂ ಬದಿ, ಅಷ್ಟೇ.
ಬೂಷ್ಟು ಹತ್ತಿ ಟೇಪು ಹಿಗ್ಗಿ
ಸ್ವರ ಅರ್ಧ ಮೆಟ್ಟಿಲು ಕೆಳಗೆ ಇಳಿದಿದೆ.
ಹಾಳಾದ ಮೇಲೇ ಕೇಳುವ ಹಾಗಾಯ್ತು, ಅನ್ನುತ್ತಾಳೆ.

ನೆನಪುಂಟನಾ, ಅಂಕೋಲೆಯ ಆಟದಲ್ಲಿ
ಎಲ್ಲರೂ ರಾಕ್ಷಸನ ಕಿರೀಟ ನೋಡುವಾಗ
ನೀನು ಶ್ರುತಿಪೆಟ್ಟಿಗೆಯ ಮುದುಕನನ್ನೇ ನೋಡುತ್ತಿದ್ದೆ.
ಅವನಿಗೆ ನಿದ್ದೆ ಬಂದಿತ್ತು. ಕೈಗೆ ಬಂದಿರಲಿಲ್ಲ.
ಅವತ್ತೇ ನಿನ್ನ ರುಚಿ ಕೆಟ್ಟದ್ದು.

*

ಅದೇ ಹಾಳೆಯ ಹಿಂಬದಿ, ಜೂನ್, ಮೂರು ವಾರದ ಮೇಲೆ.

ಬೋಟುಗಳೆಲ್ಲ ಕಟ್ಟಿಹಾಕಿವೆ. ಕಂಪ್ರೆಸರ್ ಬಂದ್.
ಫ್ಯಾಕ್ಟರಿ ಸುಮ್ಮನಾದರೆ ನನಗೆ ನಿದ್ದೆ ಹತ್ತುವುದಿಲ್ಲ.
ಆ ಭಾನುವಾರ ಶಾವೇರ ಇಗರ್ಜಿಯ ಸ್ಪೀಕರು ಹೊತ್ತು ತಂದ,
ಪಾದ್ರಿಗೆ ಏನೋ ಸುಳ್ಳು ಹೇಳಿ.
ನಿನ್ನ ಟ್ರಾಲರಿನ ಖಾಲಿ ಮೀನುಕೋಣೆಯೊಳಗೆ
ಬಂಗಡೆ ನಾತದ ನಡುವೆ ಅದನ್ನು ಬೋರಲು ಇಟ್ಟೆವು.
ನೀನು ಮೇಲೆ ಹಲಗೆಗೆ ಕೆನ್ನೆ ಕೊಟ್ಟು ಮಲಗಿದೆ,
ತಾಡಪತ್ರಿ ಹೊದ್ದು. ಮಳೆ ಅದರ ಪಾಡಿಗೆ.

ಹೊಟ್ಟೆ ನಡುಗಿತು ಬೋಟಿನದು.
ಪಕ್ಕದ ಬೋಟಿನ ನಾಯಿ ಎದ್ದು ಹೋಯಿತು.
ಇಪ್ಪತ್ಮೂರನೇ ನಿಮಿಷ ನಿನ್ನ ಮುಖ ನೋಡಿದೆ, ಏನಿಲ್ಲ.
ಮೂವತ್ತೊಂದಕ್ಕೆ ಕೈ ಎತ್ತಿದೆ:
"ಬಾಗ್ಲು ಹಾಕ್ತಲ್ಲಾ, ಈಗ."

ಅಲ್ಲಿ ನಮಗೆ ಏನೂ ಇಲ್ಲ, ಮಾರಾಯ.
ಮತ್ತೆ ಹಾಕಿ ಕೇಳಿದೆವು, ಮತ್ತೂ ಒಮ್ಮೆ.
ಈ ಹಾಳೆ ಇನ್ನೂ ನನ್ನ ಜೇಬಲ್ಲೇ ಇತ್ತು.
ಶಾವೇರ ಹೇಳಿಕೊಟ್ಟಿರಬೇಕು ಅಂತ ಮೆಹರುನ್ನಿಸಾ;
ಶಾವೇರ ಕೊರಳಿನ ಶಿಲುಬೆ ಮುಟ್ಟಿ ಆಣೆ ಹಾಕಿದ,
ಪಾದ್ರಿಗೂ ಹಾಗೇ ಹಾಕಿದ್ದನೇನೋ.
ನೀನು ಬೀಡಿ ಹಚ್ಚಲು ಒಣ ಬೆಂಕಿಪೊಟ್ಟಣ ಹುಡುಕುತ್ತಿದ್ದೆ.

ಪಟ್ಟಿಗೆ ಇನ್ನೊಂದು ಸೇರಿಸು.
ಆಗಸ್ಟಿಗೆ ಕಂಪ್ರೆಸರ್ ಶುರು.
ರಾತ್ರಿ ಮೂರರ ಮೇಲೆ, ನಲವತ್ತು ಡಬ್ಬಿ ನೀರು
ಒಂದೇ ಸಲ ಗಟ್ಟಿಯಾಗುವ ಹೊತ್ತು, ಬಾ.
ತೆಂಕಣ ಗೋಡೆಗೆ ಬೆನ್ನು ಕೊಟ್ಟು ಕೂತುಕೋ.
ಚೀಟಿ ಬೇಡ, ಕಿವಿಯೂ ಬೇಡ.
ಸ್ವೆಟರ್ ಒಂದು ತಾ.