ಉಪ್ಪು ಹಾಕುವವರು ಯಾರು

ಕೋಡಿಬಾಗದಲ್ಲಿ ನನ್ನದು ಒಂದೂವರೆ ಕೋಣೆಯ ದವಾಖಾನೆ.
ಆ ಅರ್ಧದಲ್ಲಿ ತೂಕದ ಯಂತ್ರ, ಒಂದು ಪರದೆ,
ಮೀನಿನ ಬುಟ್ಟಿ ಇಳಿಸುವವರಿಗೆ ಒಂದು ಮೂಲೆ.
ಯಾವುದರ ಸ್ಪೆಷಲಿಸ್ಟು, ಕೇಳುತ್ತಾರೆ ಹೊಸಬರು.
ಕಣ್ಣಿನದಲ್ಲ, ಕಿವಿಯದಲ್ಲ, ಹೃದಯದ್ದೂ ಅಲ್ಲ
ಅಂದರೆ ಮುಖ ಸಪ್ಪಗಾಗುತ್ತದೆ.

ಸೇತುವೆ ಬರುವ ಮೊದಲು ಅಪ್ಪ ಕಾಳಿಯಲ್ಲಿ ತಾರಿ ನಡೆಸುತ್ತಿದ್ದ.
ಸದಾಶಿವಗಡದ ದಡದಲ್ಲಿ ರಾತ್ರಿ ಯಾರೋ ಕಂದೀಲು ಆಡಿಸಿದರೆ
ಹೆರಿಗೆ ನೋವು, ಇಲ್ಲವೇ ಹಾವು.
ಹುಟ್ಟು ಹಾಕುತ್ತ ಅಪ್ಪ ಮಲಗಿದವರನ್ನು ನೋಡುತ್ತಿರಲಿಲ್ಲ.
"ಅವರು ಏನೂ ಇಲ್ಲ ಅಂತಾರೆ ಮಗಾ.
ತಲೆ ಹಿಡಕೊಂಡು ಕೂತವರ ಮೋರೆ ನೋಡಬೇಕು."
ಹುಬ್ಬಳ್ಳಿಯಲ್ಲಿ ಆರು ವರ್ಷ ಓದಿದೆ.
ಇದು ಯಾವ ಪರೀಕ್ಷೆಗೂ ಬರಲಿಲ್ಲ.

ಪುರ್ಸು ಹರಿಕಂತ್ರನ ಬೀಪಿ ನೂರಾ ಎಪ್ಪತ್ತು,
ಕೆಳಗಿನದು ನೂರಾ ಹತ್ತು.
ಮಾತ್ರೆ ಬದಲಿಸಿದೆ. ಒಂದಿದ್ದದ್ದು ಎರಡಾಯಿತು.
ಏನಾಗ್ತದೆ ಎಂದರೆ "ಕಾಂಯ್ ನಾ",
ಬಿಸಿಲಿಗೆ ಬಿಟ್ಟ ಬಂಗಡೆಯ ಹಾಗೆ ತೋಳು ಚಾಚಿಟ್ಟು.
ಒಣಮೀನು ಬಿಟ್ಟೆಯಾ? ಬಿಟ್ಟೆ.
ಉಪ್ಪಿನಕಾಯಿ? ಅದನ್ನೂ.
ಮತ್ತೆ ಸಾರಿಗೆ ಉಪ್ಪು ಹಾಕುವವರು ಯಾರು?

ಅವನು ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದ.
"ಸೂನ್," ಅಂದ. ಸೊಸೆ.
ನಾಳೆ ಕಳಿಸು ಅವಳನ್ನ.

ನಾಳೆ ಬರಲಿಲ್ಲ. ಶನಿವಾರ ಸಂಜೆ ಬಂದಳು ಸುಲಕ್ಷಾ,
ಹೆಗಲಿಗೆ ನಾಲ್ಕು ತಿಂಗಳ ಕೂಸು,
ಬೈಸಿಕೊಳ್ಳಲು ತಯಾರಾದ ಮುಖ.
ಚಮಚದ ಲೆಕ್ಕ ಹೇಳಿದೆ, ದಿನಕ್ಕೆ ಇಷ್ಟು, ತಲೆಗೆ ಇಷ್ಟು.
ಹ್ಞೂಂ, ಹ್ಞೂಂ.
ಕೂಸನ್ನು ತೂಗಿದೆ, ತೂಕ ಚೆನ್ನಾಗಿತ್ತು.
ಎದ್ದಳು.
ಚಿಲಕದ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗದೆ:

"ಎಷ್ಟು ಹಾಕಿದರೂ ನನಗೆ ಉಪ್ಪು ಗೊತ್ತಾಗೂದಿಲ್ಲ ಡಾಕ್ಟ್ರೇ.
ಇವ ಹುಟ್ಟಿದಾಗಿಂದ. ಯಾವುದೂ ಗೊತ್ತಾಗೂದಿಲ್ಲ."

ಹೊರಗೆ ಏಳು ಜನ ಕಾಯುತ್ತಿದ್ದರು.
ಅಂಗೈಗೆ ಗಾಳ ಹೊಕ್ಕ ಹುಡುಗನೊಬ್ಬ
ಕೈಯನ್ನು ದೀಪದ ಹಾಗೆ ಎತ್ತಿ ಹಿಡಿದು ಕೂತಿದ್ದ.
ಇನ್ನೊಂದು ಸ್ವಲ್ಪ ಹೊತ್ತು ತಡಿ ಮಾರಾಯ, ಅಂದು
ಪರದೆ ಎಳೆದೆ.
ನನ್ನ ಕುರ್ಚಿಯನ್ನು ಮೇಜಿನ ಈಚೆ ತಂದೆ.
ಕೂಸನ್ನ ನನ್ನ ಕೈಗೆ ಕೊಡು, ನೀ ಕೂತುಕೋ.

ಅವಳು ಹೋದ ಮೇಲೆ
ಪುರ್ಸುವಿನ ಚೀಟಿಯಲ್ಲಿ ಏನೂ ಬರೆಯಲಿಲ್ಲ.
ಹೊಸದೊಂದು ತೆಗೆದೆ. ಹೆಸರು. ವಯಸ್ಸು ಇಪ್ಪತ್ತಮೂರು.
ತೊಂದರೆ ಏನು ಎಂಬಲ್ಲಿ ಪೆನ್ನು ತುಸು ನಿಂತಿತು.
ಉಪ್ಪು, ಎಂದು ಬರೆದು
ಗಾಳದ ಹುಡುಗನನ್ನು ಒಳಗೆ ಕರೆದೆ.