ಷರಾ

ಮಾಲ್ದಾರೆಯ ತೋಟದ ಕ್ಲಿನಿಕ್ಕಿನಲ್ಲಿ ನನಗೊಂದು ರಿಜಿಸ್ಟರು.
ಉದ್ದಗೆರೆ ಎಳೆದದ್ದು ನಾನೇ,
ಸ್ಕೇಲು ಸಿಗದೆ ಥರ್ಮಾಮೀಟರಿನ ಡಬ್ಬಿ ಇಟ್ಟು:
ಹೆಸರು, ಲೈನ್‌ಮನೆ ನಂಬರು, ತೂಕ, ಬಿ.ಪಿ.,
ತಿಂಗಳದ್ದೋ ಮೂರು ತಿಂಗಳದ್ದೋ,
ಕೊನೆಗೆ, ಉಳಿದಷ್ಟು ಜಾಗದಲ್ಲಿ, ಷರಾ.

ಡಾಕ್ಟರು ಕೇಳಿದ್ದಾರೆ, ಒಂದೇ ಪುಟ ಸಾಕಂತೆ:
ಯಾವ ಸೂಜಿ ಮೇಲು, ಯಾವುದರಿಂದ ಏನು ತೊಂದರೆ.

ಬರೆಯಬಹುದು.
ಎರಡೂ ಕೆಲಸ ಮಾಡುತ್ತವೆ.
ತಾರೀಕು ತಪ್ಪದೆ ಚುಚ್ಚಿಸಿಕೊಂಡರೆ ವರ್ಷಕ್ಕೆ
ನೂರರಲ್ಲಿ ಒಬ್ಬಳಿಗೆ ಬಸಿರು ನಿಲ್ಲುವುದೂ ಅಪರೂಪ
ಎನ್ನುತ್ತದೆ ಡಬ್ಬಿಯೊಳಗಿನ ಚೀಟಿ,
ಎಂಟು ಮಡಿಕೆ, ಇರುವೆಯಂಥ ಅಕ್ಷರ.
ಆನೆಯ ಬಗ್ಗೆ ಚೀಟಿ ಏನೂ ಹೇಳುವುದಿಲ್ಲ.

ಬೊಳಚಿಯದು ತಿಂಗಳ ಸೂಜಿ.
ಬರಬೇಕಾದ ದಿನ ಕೆರೆ ಏರಿಯ ಮೇಲೆ ಹೆಣ್ಣಾನೆ, ಜೊತೆಗೆ ಮರಿ.
ಮರುದಿನವೂ. ಅದರ ಮರುದಿನವೂ.
ಆಚೆ ಮರದ ಹಲಸು ಮುಗಿಯುವ ತನಕ ಅವು ಕದಲಲಿಲ್ಲ.
ಒಂದು ವಾರ ತಡವಾದರೆ ನಡೆದೀತು;
ಅವಳು ಬಂದದ್ದು ಹದಿನೇಳನೆಯ ದಿನ,
ಕಾಲಿಗೆ ಜಿಗಣೆ, ಕೈಯಲ್ಲಿ ಕೋಲು.
ಸೂಜಿ ಕೊಡಲಿಲ್ಲ. ಹದಿನೈದು ದಿನ ಬಿಟ್ಟು ಬಾ ಅಂದೆ.
ಬಂದಾಗ ಪಟ್ಟಿಯ ಮೇಲೆ ಎರಡು ಗೆರೆ.

ಇದು ಮದ್ದಿನ ಸೋಲೋ, ಏರಿಯದೋ?
ತಿಂಗಳದ್ದಕ್ಕೆ ವರ್ಷದಲ್ಲಿ ಹನ್ನೆರಡು ಸಲ ದಾಟಬೇಕು,
ಮೂರು ತಿಂಗಳದ್ದಕ್ಕೆ ನಾಲ್ಕೇ.

ತೋಟದ ಯಜಮಾನಿ ದೇಚಮ್ಮನದೂ ತಿಂಗಳದ್ದೇ.
ಒಂದು ದಿನ ತಪ್ಪಿಸಿದವರಲ್ಲ.
ಜೀಪಿಗೆ ಆನೆ ಎದುರಾದರೂ ರಿವರ್ಸ್ ಗೇರ್ ಇದೆ.
ಅವರ ಷರಾ ಖಾಲಿ.

ಹಾಗಾದರೆ ಎಲ್ಲರಿಗೂ ಮೂರು ತಿಂಗಳದ್ದೇ ಕೊಟ್ಟುಬಿಡಿ,
ಫೋನಿನಲ್ಲಿ ಡಾಕ್ಟರು.
ಸುಬೈದಾಳಿಗೆ ಅದನ್ನೇ ಕೊಟ್ಟಿದ್ದೆ.
ಮೊದಲು ಇಪ್ಪತ್ತು ದಿನ ಚುಕ್ಕೆ ಚುಕ್ಕೆ,
ಬರಬರುತ್ತ ಪೂರ್ತಿ ನಿಂತಿತು.
ತೂಕ ಎರಡು ಕೆ.ಜಿ. ಏರಿತು, ಅದನ್ನವಳು ಲೆಕ್ಕಕ್ಕೇ ಇಡಲಿಲ್ಲ.
ಲೆಕ್ಕ ಇಡುವವಳು ಅತ್ತೆ.
ಹಿತ್ತಲಿನ ಹಗ್ಗದ ಮೇಲೆ ಬಟ್ಟೆ ಕಾಣದಿದ್ದರೆ
ಆ ಮನೆಯಲ್ಲಿ ತೊಟ್ಟಿಲಿನ ಮಾತು.
ಅದಕ್ಕೇ ತಿಂಗಳಿಗೆ ನಾಲ್ಕು ದಿನ
ಕಲೆಯಿಲ್ಲದ ಬಟ್ಟೆ ಒಗೆದು ಒಣಹಾಕುತ್ತಾಳೆ,
ಬಿಡಬೇಕಿಲ್ಲದ ನಮಾಜು ಬಿಡುತ್ತಾಳೆ.
ಬಟ್ಟೆಯದೇನೂ ಇಲ್ಲ ಸಿಸ್ಟರ್, ಅಂದಳು,
ಅದೊಂದೇ ಎದೆಯಲ್ಲಿ ಕೂತಿದೆ. ಅದಕ್ಕೇನಾದರೂ ಮಾತ್ರೆ?

ತಲೆನೋವಿನ ಮಾತ್ರೆ ಇತ್ತು. ಡ್ರಾಯರು ಎಳೆದೆ,
ಮತ್ತೆ ಮುಚ್ಚಿದೆ.

ಅಸ್ಸಾಮಿನ ಮಾಲೊತಿಗೆ ತಿಂಗಳದ್ದೇ ಬೇಕು.
ಬರುವ ವರ್ಷ ಮಗು ಬೇಕಂತೆ;
ಇದನ್ನು ನಿಲ್ಲಿಸಿದರೆ ಕೆಲವೇ ತಿಂಗಳಿಗೆ ಮೈ ದಾರಿಗೆ ಬರುತ್ತದೆ,
ಅದಾದರೆ ಒಂಬತ್ತು ಹತ್ತು ತಿಂಗಳೂ ಕಾಯಿಸೀತು.
ಮೊದಲೆರಡು ಸಲ ಹೊಟ್ಟೆ ತೊಳಸಿತು, ಎದೆ ಬಿಗಿಯಿತು,
ತಲೆಸುತ್ತು.
ಚೀಟಿಯಲ್ಲೂ ಇದೆ, ತಲೆಸುತ್ತು, ಸೌಮ್ಯ ಎಂದು.
ಒಂಟಿಬಿದಿರಿನ ಏಣಿ, ಇಪ್ಪತ್ತಡಿ,
ತುದಿಯಲ್ಲಿ ಮೆಣಸು ಕೀಳುತ್ತ ಅವಳು.
ಆ ವಾರ ಅವಳನ್ನು ಕೆಳಗೆ ಕಣದಲ್ಲಿ ಕೂರಿಸಿ ಅಂತ
ಮೇಸ್ತ್ರಿಗೆ ಹೇಳಿದೆ.
ಕಾರಣ ಕೇಳಿದ. ಬಿ.ಪಿ. ಅಂದೆ.
ಅವಳ ಬಿ.ಪಿ. ನೂರಾಹತ್ತು ಎಪ್ಪತ್ತು.

ಡಾಕ್ಟರಿಗೆ ಪುಟ ಕಳಿಸಿದ್ದೇನೆ, ಅಂಕಿಗಳು ಸರಿಯಾಗಿವೆ.
ಷರಾಕ್ಕೆ ಜಾಗ ಸಾಲದೆ ಹಾಳೆಯ ಹಿಂದೆ ಬರೆದೆ;
ಹಿಂದಿನದನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ಬೊಳಚಿಗೆ ಈಗ ಆರು ತಿಂಗಳು.
ಹೆಣ್ಣಾದರೆ ನಿನ್ನ ಹೆಸರು, ಅನ್ನುತ್ತಾಳೆ,
ಗಂಡಾದರೆ ಆನೆಯದ್ದು.

ನಾಳೆ ಏರಿಯಾಚೆಯ ಮೂವರ ತಾರೀಕು.
ಮೂರು ಸೂಜಿ, ಹತ್ತಿ, ಸ್ಪಿರಿಟ್ಟು ಚೀಲಕ್ಕೆ ಹಾಕಿದೆ.
ಅದರ ಮೇಲೆ ಒಂದು ಸರ ಪಟಾಕಿ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ.