ಊಟ ತನ್ನಿಚ್ಛೆ

ಶನಿವಾರ ಸ್ಕಾರ್ಬರೋದ ಚಾರಿಟಿ ಅಂಗಡಿಯಲ್ಲಿ ನನ್ನ ಪಾಳಿ.
ಸತ್ತವರ ಪೆಟ್ಟಿಗೆ ಬಿಚ್ಚಿ ಬೆಲೆಚೀಟಿ ಅಂಟಿಸುವುದು.
ಪುಸ್ತಕ ಒಂದು ಪೌಂಡು, ಡಿವಿಡಿ ಒಂದಕ್ಕೆ ಮೂರು.

ಇವತ್ತಿನದು ಯಾರದೋ, ಹದಿನಾರು ಪತ್ತೇದಾರಿ ಕಾದಂಬರಿ.
ತೆರೆದದ್ದಕ್ಕೆಲ್ಲ ಮೊದಲ ಪುಟದಲ್ಲೇ, ಪೆನ್ಸಿಲಿನಲ್ಲಿ,
ಕೊಂದವನ ಹೆಸರು.
"ಇನ್ನು ಇವನ್ನು ಯಾರು ಕೊಳ್ಳುತ್ತಾರೆ?" ಗ್ಲೆನಿಸ್ ಸಿಡುಕಿದಳು.
ರಬ್ಬರು ಹಿಡಿದು ಕೂತೆ.

ಮತ್ತೆ ಓದುವಾಗ ಎದೆ ಹೊಡೆದುಕೊಳ್ಳಬಾರದೆಂದು ಇರಬೇಕು.
ನಾನೂ ಅದೇ ಜಾತಿ.
ನಾಯಿ ಕೊನೆಗೆ ಬದುಕುತ್ತದೆಯೇ ಕೇಳಿಕೊಂಡೇ
ಸಿನಿಮಾ ಟಿಕೆಟ್ಟು ಕೊಳ್ಳುವವಳು.
ಪಾಡ್‌ಕಾಸ್ಟಿನಲ್ಲೂ ಕೊಲೆ ಬೇಡ ನನಗೆ;
ಇಬ್ಬರು ಮುದುಕರು ಗೋಡೆ ಗಡಿಯಾರ ರಿಪೇರಿ ಮಾಡುತ್ತಾರೆ,
ಅರ್ಧ ಗಂಟೆಯಲ್ಲಿ ಮಾತು ಹತ್ತು ನಿಮಿಷ,
ಉಳಿದದ್ದು ಟಿಕ್ ಟಿಕ್.

ಇದನ್ನೆಲ್ಲ ಯಾರಿಗೂ ಹೇಳಿಲ್ಲ.
ನೋಟ ಪರರಿಚ್ಛೆ ಅಂತ
ಪಬ್ಬಿನಲ್ಲಿ ಹನ್ನೊಂದು ವರ್ಷ ಕಹಿ ಬಿಯರು ಹಿಡಿದು
ಚೆನ್ನಾಗಿದೆ, ಚೆನ್ನಾಗಿದೆ ಅಂದಿದ್ದೇನೆ.

ಪೆಟ್ಟಿಗೆಯ ತಳದಲ್ಲಿ ಅರ್ಧ ಬಾಟಲಿ ಚೆರ್ರಿ ಬ್ರಾಂದಿ.
ಮಾರುವ ಹಾಗಿಲ್ಲ.
ಗ್ಲೆನಿಸ್ ಬಾಗಿಲಿನತ್ತ ನೋಡಿ ಚಹಾದ ಕಪ್ಪುಗಳಿಗೆ ಬಗ್ಗಿಸಿದಳು.
ಥೂ, ಕೆಮ್ಮಿನ ಔಷಧಿಯಂಥ ಸಿಹಿ.
ಇನ್ನೊಂದು ಚೂರು ಹಾಕು ಅಂದೆ.

ಹದಿನಾರನೆಯದರಲ್ಲಿ ಅಳಿಸಲು ಏನೂ ಇರಲಿಲ್ಲ.
ತೊಂಬತ್ತನೆಯ ಪುಟದಲ್ಲಿ ಬಸ್ ಟಿಕೆಟ್ಟು,
ಹೋದ ಮಾರ್ಚಿನದು.
ಗಲ್ಲಾಪೆಟ್ಟಿಗೆಗೆ ಒಂದು ಪೌಂಡು ಹಾಕಿ
ಬ್ಯಾಗಿಗೆ ಇಳಿಸಿಕೊಂಡೆ.

ಮನೆಗೆ ಹೋಗಿ ಮೊದಲು ಕೊನೆಯ ಪುಟ.
ಆಮೇಲೆ ಪೆನ್ಸಿಲು.